ತೆಂಗಿನ ಸೀಮೆಯ ಚಿತ್ರಮಂದಿರಗಳು: ಡೇರೆಯಿಂದ ಸರಪಳಿ ಸಂಸ್ಥೆಯವರೆಗೆ

1. ವಿಷಯ ಪ್ರವೇಶ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ನಮ್ಮ ಜನ ಕಲ್ಪತರು ನಾಡೆಂದು ಕರೆಯುವುದು ವಾಡಿಕೆ. ಈ ಸೀಮೆಯ ತೆಂಗು, ಕೊಬ್ಬರಿ, ನಾರು ಇವುಗಳ ವಿಷಯವಾಗಿ ಕೃಷಿಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಸಾಕಷ್ಟು ಬರೆದಿದ್ದಾರೆ. ಆದರೆ ಆ ಕೊಬ್ಬರಿ ಮಾರಿದ ಹಣದ ಒಂದು ಸಣ್ಣ ಪಾಲು ಸಂಜೆಯ ಹೊತ್ತಿಗೆ ಎತ್ತ ಹರಿಯುತ್ತಿದ್ದಿತು ಎಂಬುದನ್ನು ವಿಚಾರ ಮಾಡಿದವರು ವಿರಳ. ಎರಡು ಮೂರು ತಲೆಮಾರುಗಳ ಕಾಲ ಅದು ಡೇರೆ ಟಾಕೀಸಿನ ಗೇಟಿಗೂ, ಆಮೇಲೆ ಪೇಟೆಯ ಚಿತ್ರಮಂದಿರದ ಗೇಟಿಗೂ ಹರಿಯಿತು. ಈಚಿನ ವರ್ಷಗಳಲ್ಲಿ ಆ ಹರಿವು ತನ್ನ ಪಾತ್ರವನ್ನು ಬದಲಿಸಿದೆ.

ಚಲಚ್ಚಿತ್ರ ಪ್ರದರ್ಶನವೆಂಬ ವ್ಯವಹಾರ ಹೇಗೆ ಬೆಳೆಯಿತು, ಹೇಗೆ ನಡೆಯುತ್ತದೆ, ಒಂದೇ ಒಡೆತನದ ಕೆಳಗೆ ಅನೇಕ ಮಂದಿರಗಳನ್ನು ನಡೆಸುವ ಸರಪಳಿ ಸಂಸ್ಥೆಗಳು ಹೇಗೆ ತಲೆಯೆತ್ತಿದುವು, ಅವುಗಳ ಬೆಳವಣಿಗೆಯಿಂದ ನಮ್ಮ ತಾಲ್ಲೂಕು ಪೇಟೆಗಳಿಗೆ ಒದಗಿದ ಪರಿಣಾಮವೇನು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಕಾಲೇಜುಗಳಲ್ಲಿ ವಾಣಿಜ್ಯವನ್ನೂ ಅರ್ಥಶಾಸ್ತ್ರವನ್ನೂ ಬೋಧಿಸುವವರಿಗೆ ಏಕಸ್ವಾಮ್ಯ, ಸ್ಥಿರ ವೆಚ್ಚ, ಮಾರುಕಟ್ಟೆಯ ವಿಸ್ತಾರ ಮೊದಲಾದ ತತ್ತ್ವಗಳನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡ ಉದಾಹರಣೆಯಿಂದ ವಿವರಿಸಲು ಈ ವಿಷಯ ನೆರವಾದೀತೆಂದು ನಾವು ನಂಬುತ್ತೇವೆ.

2. ನಾಟಕದ ಕಂಪನಿಯಿಂದ ಚಿತ್ರಮಂದಿರಕ್ಕೆ

ಭಾರತದ ಮೊದಲ ದೊಡ್ಡ ಸರಪಳಿ ಸಂಸ್ಥೆ ಕಲ್ಕತ್ತೆಯ ಜಮ್ಷೆಡ್‌ಜಿ ಫ್ರಾಮ್‌ಜಿ ಮದನ್ ಅವರದು. ಪಾರ್ಸಿ ನಾಟಕರಂಗದಿಂದ ಬಂದ ಇವರು 1902ರಲ್ಲಿ ಕಲ್ಕತ್ತೆಯ ಮೈದಾನದಲ್ಲಿ ಡೇರೆ ಹಾಕಿ ಚಿತ್ರಗಳನ್ನು ತೋರಿಸತೊಡಗಿದರು. 1907ರಲ್ಲಿ ಎಲ್ಫಿನ್‌ಸ್ಟನ್ ಪಿಕ್ಚರ್ ಪ್ಯಾಲೆಸ್ ಎಂಬ ಕಾಯಂ ಮಂದಿರವನ್ನು ತೆರೆದರು. 1920ರ ದಶಕದ ವೇಳೆಗೆ ಮದನ್ ಸಂಸ್ಥೆಯ ಮಂದಿರಗಳ ಸಂಖ್ಯೆ ನೂರನ್ನು ಮೀರಿದ್ದಿತು. ಚಿತ್ರಗಳನ್ನು ತಯಾರಿಸುವುದು, ಹೊರದೇಶಗಳಿಂದ ತರಿಸುವುದು, ಹಂಚುವುದು, ತೋರಿಸುವುದು ಈ ನಾಲ್ಕು ಕೆಲಸಗಳೂ ಒಂದೇ ಕೈಯಲ್ಲಿದ್ದುವು. ದಿವಾನ್ ಬಹದ್ದೂರ್ ಟಿ. ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ 1927-28ರಲ್ಲಿ ವಿಚಾರಣೆ ನಡೆಸಿದ ಭಾರತೀಯ ಚಲಚ್ಚಿತ್ರ ಸಮಿತಿಯ ಮುಂದೆ ಈ ಸಂಸ್ಥೆಯ ಏಕಸ್ವಾಮ್ಯದ ಪ್ರಶ್ನೆಯೂ ಬಂದಿತು. ಆದರೆ 1931ರಲ್ಲಿ ವಾಕ್ಚಿತ್ರ ಬಂದ ಮೇಲೆ ಪ್ರತಿಯೊಂದು ಮಂದಿರಕ್ಕೂ ಹೊಸ ಧ್ವನಿಯಂತ್ರವನ್ನು ಅಳವಡಿಸಬೇಕಾದ ಭಾರ ಈ ಸಂಸ್ಥೆಯ ಮೇಲೆ ಬಿದ್ದಿತು. ಆ ದಶಕದಲ್ಲಿಯೇ ಅದು ಕುಸಿಯಿತು. ಯಂತ್ರ ಬದಲಾದಾಗ ಮಂದಿರಗಳ ಒಡೆತನವೂ ಬದಲಾಗುತ್ತದೆ ಎಂಬ ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಅಂಶ ಮತ್ತೆ ಬರುತ್ತದೆ.

ನಮ್ಮ ಸೀಮೆಯಲ್ಲಿಯೂ ಚಲಚ್ಚಿತ್ರದ ಹಾದಿ ನಾಟಕದ ಡೇರೆಯಿಂದಲೇ ಹೊರಟಿತು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಎಲ್ಲೆಯನ್ನು ಮುಟ್ಟುವ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿ ಹುಟ್ಟಿತು. ಬಾಲನಟರಾಗಿ ಅದನ್ನು ಸೇರಿದ ಗುಬ್ಬಿ ವೀರಣ್ಣನವರು (1891-1972) ಮುಂದೆ ಅದರ ಒಡೆಯರಾಗಿ, ಊರಿಂದೂರಿಗೆ ರಂಗಸಜ್ಜನ್ನು ಸಾಗಿಸುವುದು, ಡೇರೆ ಹಾಕುವುದು, ನೂರಾರು ಜನರ ಊಟ ವಸತಿಗಳನ್ನು ನೋಡಿಕೊಳ್ಳುವುದು, ಜಾತ್ರೆಯ ಕಾಲವನ್ನು ಅರಿತು ಕ್ಯಾಂಪು ಬದಲಿಸುವುದು ಇವೆಲ್ಲವನ್ನೂ ಒಂದು ಶಾಸ್ತ್ರವನ್ನಾಗಿ ಮಾಡಿದರು. ಅವರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬರುತ್ತಿದ್ದುವು. 1935ರಲ್ಲಿ ತೆರೆಗೆ ಬಂದ ‘ಸದಾರಮೆ’ಯಲ್ಲಿ ಅವರು ನಟಿಸಿದರು, ಚಿತ್ರನಿರ್ಮಾಣಕ್ಕೂ ಕೈಹಾಕಿದರು, ಚಿತ್ರಮಂದಿರಗಳನ್ನೂ ಕಟ್ಟಿಸಿದರು. 1954ರ ‘ಬೇಡರ ಕಣ್ಣಪ್ಪ’ ಅವರ ಸಂಸ್ಥೆಯ ಹೆಸರಿನಲ್ಲಿ ಬಂದ ಚಿತ್ರ. ರಾಜ್‌ಕುಮಾರ್ ಅವರು ನಾಯಕರಾಗಿ ಕಾಣಿಸಿಕೊಂಡ ಆ ಚಿತ್ರದಲ್ಲಿಯೇ ತಿಪಟೂರಿನಲ್ಲಿ ಹುಟ್ಟಿದ ಹಾಸ್ಯನಟ ನರಸಿಂಹರಾಜು (1923-1979) ಅವರೂ ಜನರ ಕಣ್ಣಿಗೆ ಬಿದ್ದರು. ನಿರ್ಮಾಣ ಮತ್ತು ಪ್ರದರ್ಶನ ಎರಡನ್ನೂ ಒಂದೇ ಕೈಯಲ್ಲಿ ಕೂಡಿಸುವ ಈ ಪ್ರಯತ್ನ, ಪ್ರಮಾಣದಲ್ಲಿ ಕಿರಿದಾದರೂ ಸ್ವರೂಪದಲ್ಲಿ ಮದನ್ ಸಂಸ್ಥೆಯದನ್ನೇ ಹೋಲುತ್ತದೆ. ಮುಂದಿನ ತಲೆಮಾರಿನಲ್ಲಿ ‘ಕಸ್ತೂರಿ ನಿವಾಸ’ (1971), ‘ಬಭ್ರುವಾಹನ’ (1977) ಚಿತ್ರಗಳ ನಿರ್ಮಾಪಕ ಕೆ.ಸಿ.ಎನ್. ಗೌಡರೂ ನಿರ್ಮಾಣ, ಹಂಚಿಕೆ, ಪ್ರದರ್ಶನ ಮೂರನ್ನೂ ಒಂದುಗೂಡಿಸಿದವರೇ.

3. ಡೇರೆಯ ವ್ಯವಹಾರ

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಮಂದಿರದಲ್ಲಿ ತೆರೆಕಂಡಿತು. ಆದರೆ ತಾಲ್ಲೂಕು ಪೇಟೆಗಳಲ್ಲಿ ಕಾಯಂ ಕಟ್ಟಡಗಳು ಏಳುವ ಮುನ್ನ ಜನರಿಗೆ ಚಿತ್ರಗಳನ್ನು ತಂದು ತೋರಿಸಿದ್ದು ಟೂರಿಂಗ್ ಟಾಕೀಸುಗಳು. ಇವುಗಳ ಬಂಡವಾಳ ಸ್ವಲ್ಪ: ಕ್ಯಾನ್ವಾಸಿನ ಡೇರೆ, ಸುತ್ತ ತಗಡಿನ ತಟ್ಟಿ, ಒಂದು ಪ್ರೊಜೆಕ್ಟರು, ವಿದ್ಯುಚ್ಛಕ್ತಿಯಿಲ್ಲದ ಕಡೆ ಒಂದು ಜನರೇಟರು, ಧ್ವನಿವರ್ಧಕ, ಎಂಟು ಹತ್ತು ಜನ ಕೆಲಸಗಾರರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲದ ದರ್ಜೆಯವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ಹಿಂದಿನವರು ಗದರಿದರೆ ಗುಡ್ಡೆಯನ್ನು ಕೆಡವುತ್ತಿದ್ದರು. ಹೆಂಗಸರಿಗೆ ಒಂದು ಪಕ್ಕ, ಗಂಡಸರಿಗೆ ಇನ್ನೊಂದು ಪಕ್ಕ. ಹೆಂಗಸರು ಬಂದ ಚಿತ್ರವೇ ನಿಲ್ಲುವ ಚಿತ್ರ ಎಂಬ ಮಾತು ಪ್ರದರ್ಶಕರಲ್ಲಿ ರೂಢಿಯಾಗಿದ್ದಿತು.

ಪ್ರಚಾರದ ಕ್ರಮವೂ ಅಷ್ಟೇ ಸರಳ. ಹಗಲು ಎತ್ತಿನ ಗಾಡಿಗೆ ಎರಡು ಕಡೆಯೂ ಭಿತ್ತಿಚಿತ್ರ ಕಟ್ಟಿ, ಸುತ್ತಲ ಹಳ್ಳಿಗಳಲ್ಲಿ ಕರಪತ್ರ ಎಸೆಯುತ್ತ ಸಾಗುವುದು. ಸೂರ್ಯ ಮುಳುಗುವ ಹೊತ್ತಿಗೆ ಡೇರೆಯ ಕಂಬದ ಧ್ವನಿವರ್ಧಕದಿಂದ ದೇವರ ಹಾಡಿನ ರೆಕಾರ್ಡು ಹಾಕುವುದು. ಒಂದೆರಡು ಹರದಾರಿ ದೂರದ ತೋಟದ ಮನೆಗಳಿಗೂ ಆ ಹಾಡು ಕೇಳಿಸುತ್ತಿದ್ದಿತು. ಮೊದಲನೆಯ ಹಾಡಿಗೆ ಊಟ, ಎರಡನೆಯದಕ್ಕೆ ಹೊರಡುವುದು, ಕೊನೆಯದಕ್ಕೆ ಟಿಕೆಟ್ಟು ಎಂದು ಜನ ಹೊತ್ತನ್ನು ಅಳೆಯುತ್ತಿದ್ದರು.

ಈ ವ್ಯವಹಾರದ ತಾಂತ್ರಿಕ ಮಿತಿಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ. ಸೆಕೆಂಡಿಗೆ 24 ಚೌಕಟ್ಟು ಓಡುವುದರಿಂದ ನಿಮಿಷಕ್ಕೆ 90 ಅಡಿ ಫಿಲ್ಮು ಬೇಕು. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ. ಯಂತ್ರದ ಒಂದು ಸುರುಳಿಯಲ್ಲಿ 2,000 ಅಡಿ ಹಿಡಿಯುವುದಾದರೆ ಅಂಥ ಏಳು ಸುರುಳಿಗಳು. ಎರಡು ಪ್ರೊಜೆಕ್ಟರುಗಳಿರುವ ಕಾಯಂ ಮಂದಿರದಲ್ಲಿ ಒಂದು ಮುಗಿಯುತ್ತಲೇ ಇನ್ನೊಂದು ಹೊತ್ತಿಕೊಳ್ಳುತ್ತದೆ. ಒಂದೇ ಯಂತ್ರವಿದ್ದ ಡೇರೆಯಲ್ಲಿ ಆರು ಬಾರಿ ದೀಪ ಹಾಕಲೇಬೇಕು. ಆ ಆರು ವಿರಾಮಗಳಲ್ಲಿ ಕಡಲೆಕಾಯಿ, ಚಕ್ಕುಲಿ, ಸೋಡಾ ಮಾರಾಟವಾಗುತ್ತಿದ್ದುವು. ತಿಂಡಿಯ ಮಾರಾಟ ಪ್ರದರ್ಶನದ ಆದಾಯದ ಒಂದು ಅಂಗವೆಂಬುದು ಹೀಗೆ ಡೇರೆಯ ಕಾಲದಿಂದಲೂ ಬಂದ ಸಂಗತಿ. ಇಂದಿನ ಸರಪಳಿ ಸಂಸ್ಥೆಗಳು ಅದನ್ನು ಹೊಸದಾಗಿ ಕಂಡುಹಿಡಿಯಲಿಲ್ಲ.

ಕಾನೂನಿನ ದೃಷ್ಟಿಯಿಂದ ಡೇರೆಯದು ತಾತ್ಕಾಲಿಕ ಪರವಾನಗಿ. ಚಿತ್ರಗಳ ಪ್ರಮಾಣೀಕರಣಕ್ಕೆ 1952ರ ಕೇಂದ್ರ ಶಾಸನವೂ, ಮಂದಿರಗಳ ನಿಯಂತ್ರಣಕ್ಕೆ 1964ರ ರಾಜ್ಯ ಶಾಸನವೂ ಆಧಾರ. ಪರವಾನಗಿ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯವರದು. ಹಿಂದಿನ ನೈಟ್ರೇಟ್ ಫಿಲ್ಮು ಬೆಂಕಿಗೆ ಬೇಗ ತುತ್ತಾಗುವಂಥದಾದ ಕಾರಣ ಯಂತ್ರದ ಕೋಣೆ, ಹೊರಬಾಗಿಲು, ನೀರಿನ ತೊಟ್ಟಿ, ಮರಳಿನ ಬಕೆಟ್ಟು ಇವುಗಳ ವಿಷಯದಲ್ಲಿ ನಿಯಮಗಳು ಕಟ್ಟುನಿಟ್ಟಾದುವು. ಫಿಲ್ಮು ಸುರಕ್ಷಿತವಾದ ಮೇಲೂ ಈ ನಿಯಮಗಳು ಅನಾವಶ್ಯಕವಾಗಲಿಲ್ಲವೆಂಬುದಕ್ಕೆ 1997ರ ಜೂನ್ 13ರಂದು ದೆಹಲಿಯ ಉಪಹಾರ್ ಮಂದಿರದಲ್ಲಿ 59 ಜನ ಪ್ರಾಣ ಕಳೆದುಕೊಂಡ ದುರಂತವೇ ಸಾಕ್ಷಿ.

4. ಪೆಟ್ಟಿಗೆಯ ಪ್ರಯಾಣ

ಒಂದು ಪೇಟೆಯ ಮಂದಿರ ಸ್ವತಂತ್ರವಾಗಿದ್ದರೂ ಅದರ ಜೀವ ಬೆಂಗಳೂರಿನ ಗಾಂಧಿನಗರದಲ್ಲಿದ್ದಿತು. ಚಿತ್ರವ್ಯಾಪಾರದವರು ರಾಜ್ಯವನ್ನು ಹಂಚಿಕೆಯ ಪ್ರದೇಶಗಳನ್ನಾಗಿ ವಿಂಗಡಿಸಿಕೊಂಡಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದ ಪ್ರದೇಶಕ್ಕೆ ಅವರ ಮಾತಿನಲ್ಲಿ ಬಿ.ಕೆ.ಟಿ. ಎಂದು ಹೆಸರು. ನಮ್ಮ ಮೂರು ತಾಲ್ಲೂಕುಗಳೂ ಇದಕ್ಕೆ ಸೇರಿದುವು.

ಹಂಚಿಕೆದಾರನಿಗೂ ಪ್ರದರ್ಶಕನಿಗೂ ನಡುವೆ ಸಾಮಾನ್ಯವಾಗಿ ಮೂರು ಬಗೆಯ ಕರಾರು. ಮೊದಲನೆಯದು ನಿಗದಿ ಬಾಡಿಗೆ: ವಾರಕ್ಕೆ ಇಷ್ಟೆಂದು ಕೊಟ್ಟು ಚಿತ್ರವನ್ನು ತರುವುದು, ಲಾಭವೂ ನಷ್ಟವೂ ಪ್ರದರ್ಶಕನದು. ಎರಡನೆಯದು ಶೇಕಡಾವಾರು ಪಾಲು: ತೆರಿಗೆ ಕಳೆದು ಉಳಿದ ವಸೂಲಿಯನ್ನು ಇಬ್ಬರೂ ಹಂಚಿಕೊಳ್ಳುವುದು. ಮೂರನೆಯದು ಕನಿಷ್ಠ ಖಾತರಿ: ಇಂತಿಷ್ಟು ಬಂದೇ ಬರುತ್ತದೆಂದು ಮುಂಗಡವಾಗಿ ಒಪ್ಪಿ, ಮೇಲೆ ಬಂದುದರಲ್ಲಿ ಪಾಲು ಹಂಚಿಕೊಳ್ಳುವುದು. ಪಾಲಿನ ಕರಾರು ಇರುವ ಕಡೆ ಹಂಚಿಕೆದಾರನ ಪ್ರತಿನಿಧಿಯೊಬ್ಬ ಪೆಟ್ಟಿಗೆಯ ಜೊತೆಯಲ್ಲೇ ಬಂದು ಗೇಟಿನ ಬಳಿ ಕುಳಿತು, ಹರಿದ ಟಿಕೆಟ್ಟುಗಳನ್ನು ಎಣಿಸಿ, ದಿನದ ವಸೂಲಿಯ ಪಟ್ಟಿಯನ್ನು ಕಳುಹಿಸುತ್ತಿದ್ದನು. ಇವನಲ್ಲದೆ ಮನರಂಜನಾ ತೆರಿಗೆಯ ಇಲಾಖೆಯೂ ಲೆಕ್ಕವನ್ನು ನೋಡುತ್ತಿದ್ದಿತು. ರಾಜ್ಯದ 1958ರ ಮನರಂಜನಾ ತೆರಿಗೆ ಶಾಸನದಲ್ಲಿ ಸಣ್ಣ ಊರುಗಳ ಮಂದಿರಗಳಿಗೆ ಟಿಕೆಟ್ಟು ಟಿಕೆಟ್ಟಿಗೂ ತೆರಿಗೆ ಹಾಕುವುದಕ್ಕೆ ಬದಲಾಗಿ, ಮಂದಿರದ ಪೂರ್ಣ ವಸೂಲಿಯ ಸಾಮರ್ಥ್ಯವನ್ನು ಆಧಾರವಾಗಿಟ್ಟುಕೊಂಡು ಪ್ರದರ್ಶನಕ್ಕೆ ಇಷ್ಟೆಂದು ಕಟ್ಟುವ ಸೌಕರ್ಯವನ್ನೂ ಮುಂದೆ ಕಲ್ಪಿಸಲಾಯಿತು.

ಫಿಲ್ಮಿನ ಒಂದೊಂದು ಪ್ರತಿಗೂ ಖರ್ಚು ಹೆಚ್ಚಾದುದರಿಂದ ಪ್ರತಿಗಳ ಸಂಖ್ಯೆ ಮಿತವಾಗಿರುತ್ತಿದ್ದಿತು. ಆದಕಾರಣ ಚಿತ್ರ ಮೊದಲು ಬೆಂಗಳೂರಿನಲ್ಲಿ ಓಡಿ, ಆಮೇಲೆ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಿಪಟೂರಿನಂಥ ರೈಲಿನ ಪೇಟೆಗೆ, ಆಮೇಲೆ ತುರುವೇಕೆರೆ ಚಿಕ್ಕನಾಯಕನಹಳ್ಳಿಗಳಿಗೆ, ಕಟ್ಟಕಡೆಗೆ ಹುಳಿಯಾರು ನೊಣವಿನಕೆರೆಗಳಂಥ ಹೋಬಳಿಯ ಊರುಗಳ ಡೇರೆಗಳಿಗೆ ಇಳಿಯುತ್ತಿದ್ದಿತು. ಬೆಂಗಳೂರಿನ ಸ್ಟೇಟ್ಸ್ ಮಂದಿರದಲ್ಲಿ ‘ಬಂಗಾರದ ಮನುಷ್ಯ’ (1972) ಎರಡು ವರ್ಷ ಓಡಿದ ಕಾಲ ಅದು. ತಗಡಿನ ಪೆಟ್ಟಿಗೆ ಬಸ್ಸಿನ ಮೇಲೆ ಬರುತ್ತಿದ್ದಿತು; ಬಸ್ಸು ತಡವಾದರೆ ಆಟವೂ ತಡ. ತಿಪಟೂರಿನಿಂದ ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ಸುಮಾರು ಮೂವತ್ತು ಕಿಲೋಮೀಟರ್ ದಾರಿ. ಹತ್ತಿರದ ಎರಡು ಊರುಗಳು ಒಂದೇ ಪ್ರತಿಯನ್ನು ಹಂಚಿಕೊಳ್ಳುವ ಪದ್ಧತಿಯೂ ನಾಡಿನಲ್ಲಿ ಇದ್ದಿತು. ಇಲ್ಲಿ ಮುಗಿದ ಸುರುಳಿಗಳನ್ನು ಸೈಕಲ್ಲಿನಲ್ಲೋ ಮೋಟಾರ್ ಸೈಕಲ್ಲಿನಲ್ಲೋ ಅಲ್ಲಿಗೆ ಒಯ್ದು, ಅಲ್ಲಿನ ಆಟವನ್ನು ಒಂದು ಗಂಟೆ ತಡವಾಗಿ ಆರಂಭಿಸಿದರೆ ಒಂದೇ ಬಾಡಿಗೆಯಲ್ಲಿ ಎರಡು ಮಂದಿರ ತುಂಬುತ್ತಿದ್ದುವು.

ಈ ಇಳಿಜಾರಿನ ಕ್ರಮದಲ್ಲಿ ಒಂದು ನ್ಯಾಯ ಅಡಗಿದ್ದಿತು. ಊರು ಚಿಕ್ಕದಾದಷ್ಟೂ ಚಿತ್ರ ಹಳೆಯದಾಗಿರುತ್ತಿದ್ದಿತು, ನಿಜ. ಆದರೆ ಬಾಡಿಗೆಯೂ ಅಷ್ಟೇ ಇಳಿದಿರುತ್ತಿದ್ದಿತು. ಬೆಂಗಳೂರಿನಲ್ಲಿ ಗೆದ್ದದ್ದೋ ಸೋತದ್ದೋ ಪ್ರದರ್ಶಕನಿಗೆ ಮೊದಲೇ ತಿಳಿದಿರುತ್ತಿದ್ದಿತು. ಸಣ್ಣ ಊರಿಗೆ ಕಾಯುವ ಕಷ್ಟವಿದ್ದರೂ ಕುರುಡು ಸಾಹಸದ ಕಷ್ಟ ಕಡಮೆಯಾಗಿದ್ದಿತು.

5. ಕೊಬ್ಬರಿಯ ಹಣ, ಟಿಕೆಟ್ಟಿನ ಹಣ

ಬೇರೆ ಒಣಸೀಮೆಗಳಿಗೆ ಹೋಲಿಸಿದರೆ ತೆಂಗಿನ ಸೀಮೆ ಚಿತ್ರಮಂದಿರಕ್ಕೆ ಏಕೆ ಅನುಕೂಲವಾಗಿದ್ದಿತು? ರಾಗಿ, ಕಡಲೆಕಾಯಿ ಬೆಳೆಯುವ ಕಡೆ ಹಣ ಕೈಗೆ ಬರುವುದು ಸುಗ್ಗಿಯಲ್ಲಿ ಮಾತ್ರ. ಅಲ್ಲಿಗೆ ಡೇರೆ ಬಂದು ಹೋಗುವುದು ಸರಿ, ಕಾಯಂ ಮಂದಿರ ವರ್ಷವೆಲ್ಲ ನಡೆಯುವುದು ಕಷ್ಟ. ತೆಂಗಾದರೋ ವರ್ಷದಲ್ಲಿ ಅನೇಕ ಬಾರಿ ಕೊಯ್ಲು ಕೊಡುವ ಮರ. ಅಲ್ಲದೆ ಈ ಸೀಮೆಯ ರೈತ ಕಾಯನ್ನು ಕೂಡಲೇ ಮಾರುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟು, ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾನೆ. ಅಟ್ಟ ಅವನ ಬ್ಯಾಂಕು. ಬೇಕಾದಾಗ, ಧಾರಣೆ ಒಪ್ಪಿದಾಗ, ತಿಪಟೂರಿನ ಮಾರುಕಟ್ಟೆಗೆ ಚೀಲ ಹಾಕುತ್ತಾನೆ. ವಾರಕ್ಕೆ ಎರಡು ದಿನ ನಡೆಯುವ ಹರಾಜು ಹೀಗೆ ವರ್ಷ ಪೂರ್ತಿ ಪೇಟೆಗೆ ಜನರನ್ನೂ ಹಣವನ್ನೂ ತರುತ್ತದೆ. ಕಾಯಿ ಸುಲಿಯುವವರು, ಹಮಾಲಿಗಳು, ಗಾಡಿಯವರು, ಮಂಡಿಯ ಗುಮಾಸ್ತರು, ನಾರಿನ ಕೆಲಸದವರು ಇವರಿಗೆಲ್ಲ ದಿನಗೂಲಿಯೋ ವಾರದ ಕೂಲಿಯೋ ಬರುತ್ತದೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಸ್ಥಾಪಿತವಾದ ಮೇಲೆ ತಿಂಗಳ ಸಂಬಳದ ಜನವೂ ಈ ಸೀಮೆಗೆ ಸೇರಿದರು. ಮಂದಿರಕ್ಕೆ ಬೇಕಾದುದು ಇಂಥ ಪ್ರೇಕ್ಷಕವರ್ಗವೇ: ದೊಡ್ಡ ಹಣವಲ್ಲದಿದ್ದರೂ ಆಗಾಗ್ಗೆ ಕೈಗೆ ಬರುವ ಸಣ್ಣ ಹಣ.

ಬೆಂಗಳೂರು-ಹೊನ್ನಾವರ ರಸ್ತೆಯೂ ಬೆಂಗಳೂರು-ಅರಸೀಕೆರೆ ರೈಲುದಾರಿಯೂ ತಿಪಟೂರಿನ ಮೂಲಕ ಹಾಯುವುದು ಎರಡನೆಯ ಅನುಕೂಲ. ಗುಬ್ಬಿಯ ಮತ್ತು ಎಡೆಯೂರಿನ ಜಾತ್ರೆಗಳು, ತಿಪಟೂರಿನ ಸತ್ಯಗಣಪತಿ ಉತ್ಸವ ಇವು ಸುತ್ತಿನ ಜನ ಸೇರುವ ಕಾಲಗಳು. ಈ ಕಾಲಗಳನ್ನು ನಾಟಕದ ಕಂಪನಿಗಳೂ ಡೇರೆಗಳೂ ಚೆನ್ನಾಗಿ ಬಲ್ಲುವು.

ಆದರೆ ಇದೇ ಅವಲಂಬನೆ ಅಪಾಯವೂ ಹೌದು. 2023ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಘೋಷಿಸಿದ್ದರೂ ಪೇಟೆಯ ಧಾರಣೆ 9,000 ರೂಪಾಯಿಗಿಂತ ಕೆಳಕ್ಕೆ ಇಳಿದು ರೈತರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಧಾರಣೆ 20,000 ರೂಪಾಯಿಗಳನ್ನು ದಾಟಿತು. ಇಷ್ಟು ಏರಿಳಿತವಿರುವ ಸೀಮೆಯಲ್ಲಿ ಮನೆಯವರು ಮೊದಲು ಕೈಬಿಡುವ ಖರ್ಚು ಸಿನಿಮಾದ ಖರ್ಚೇ ಎಂಬುದನ್ನು ಹೇಳಬೇಕಾಗಿಲ್ಲ.

6. ಸರಪಳಿ ಸಂಸ್ಥೆಗಳ ಬೆಳವಣಿಗೆ

1981ರ ನವೆಂಬರ್‌ನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಮರುವರ್ಷ ಬಣ್ಣದ ಪ್ರಸಾರ ಬಂದಿತು. 1994ರಲ್ಲಿ ಉದಯ ವಾಹಿನಿ ಹುಟ್ಟಿತು. ನಡುವೆ ವೀಡಿಯೋ ಕ್ಯಾಸೆಟ್ಟುಗಳು ಹಬ್ಬಿದುವು. ಡೇರೆಗಳು ಒಂದೊಂದಾಗಿ ಎದ್ದುಹೋದುವು. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಮನೆಯೊಳಗೆ ಬಂದ ಟೆಲಿವಿಷನ್ ಒಂದು ಊರಿನ ಬಾಳನ್ನು ಹೇಗೆ ಕಲಕಿತೆಂಬುದನ್ನೇ ಕುರಿತದ್ದು.

ಮನೆಯಲ್ಲಿಯೇ ಚಿತ್ರ ಸಿಗುವಾಗ ಜನರನ್ನು ಹೊರಗೆ ಕರೆತರುವುದು ಹೇಗೆ ಎಂಬ ಪ್ರಶ್ನೆಗೆ ನಗರಗಳಲ್ಲಿ ದೊರೆತ ಉತ್ತರ ಬಹುತೆರೆಯ ಮಂದಿರ. ಸಾರಿಗೆ ವ್ಯಾಪಾರದ ಕುಟುಂಬವೊಂದು ನಡೆಸುತ್ತಿದ್ದ ದೆಹಲಿಯ ‘ಪ್ರಿಯಾ’ ಎಂಬ ಒಂಟಿ ಮಂದಿರದ ಒಡೆತನದಲ್ಲಿದ್ದ ಅಜಯ್ ಬಿಜಲಿ ಅವರು 1995ರಲ್ಲಿ ಆಸ್ಟ್ರೇಲಿಯದ ವಿಲೇಜ್ ರೋಡ್‌ಶೋ ಸಂಸ್ಥೆಯೊಡನೆ ಕೂಡಿ ಪಿ.ವಿ.ಆರ್. ಸಂಸ್ಥೆಯನ್ನು ಕಟ್ಟಿದರು. 1997ರಲ್ಲಿ ದೆಹಲಿಯ ಸಾಕೇತದಲ್ಲಿ ಅವರ ಮೊದಲ ಬಹುತೆರೆ ಮಂದಿರ ತೆರೆಯಿತು. 2004ರಲ್ಲಿ ಬೆಂಗಳೂರಿನ ಕೋರಮಂಗಲದ ಮಾಲಿನಲ್ಲಿ 11 ತೆರೆಗಳ ಮಂದಿರ ಬಂದಿತು. 2006ರಲ್ಲಿ ಸಂಸ್ಥೆ ಷೇರು ಪೇಟೆಗೆ ಇಳಿಯಿತು. ಆಮೇಲೆ ಬೆಳೆದದ್ದು ಹೆಚ್ಚಾಗಿ ಬೇರೆ ಸರಪಳಿಗಳನ್ನು ಕೊಂಡು: 2012ರಲ್ಲಿ ಸಿನಿಮ್ಯಾಕ್ಸ್, 2016ರಲ್ಲಿ ಡಿ.ಟಿ. ಸಿನಿಮಾಸ್, 2018ರಲ್ಲಿ ಮದರಾಸಿನ ಎಸ್.ಪಿ.ಐ. ಸಿನಿಮಾಸ್. ಪ್ರತಿಸ್ಪರ್ಧಿಯಾದ ಐನಾಕ್ಸ್ ಕೂಡ ಫೇಮ್, ಸತ್ಯಂ ಸಿನಿಪ್ಲೆಕ್ಸ್ ಸಂಸ್ಥೆಗಳನ್ನು ಕೊಂಡು ಬೆಳೆದಿದ್ದಿತು. 2020ರ ಮಾರ್ಚ್‌ನಿಂದ ತಿಂಗಳುಗಟ್ಟಲೆ ಮಂದಿರಗಳು ಮುಚ್ಚಿ ಎರಡೂ ಸಂಸ್ಥೆಗಳು ನಷ್ಟಕ್ಕೆ ಸಿಕ್ಕಿದುವು. 2022ರ ಮಾರ್ಚ್‌ನಲ್ಲಿ ಒಂದಾಗುವ ನಿರ್ಧಾರವನ್ನು ಪ್ರಕಟಿಸಿ 2023ರ ಫೆಬ್ರವರಿಯಲ್ಲಿ ವಿಲೀನವಾದುವು. ಕೂಡಿದ ಸಂಸ್ಥೆಯ ತೆರೆಗಳು ಆಗ 1,600ನ್ನು ಮೀರಿದ್ದುವು.

ಇಂಥ ಸಂಸ್ಥೆ ಕೆಲಸ ನಡೆಸುವ ರೀತಿಯಲ್ಲಿ ನಾಲ್ಕು ವಿಶೇಷಗಳನ್ನು ಗುರುತಿಸಬಹುದು. ಒಂದು, ಕಟ್ಟಡ ತನ್ನದಲ್ಲ; ಮಾಲಿನ ಒಡೆಯನಿಂದ ಗೇಣಿಗೆ ಪಡೆದದ್ದು. ಹೀಗಾಗಿ ಬಂಡವಾಳ ಯಂತ್ರಕ್ಕೂ ಸಜ್ಜಿಗೂ ಉಳಿಯುತ್ತದೆ. ಎರಡು, ಯಾವ ಚಿತ್ರಕ್ಕೆ ಎಷ್ಟು ಆಟ ಎಂಬುದನ್ನು ಕೇಂದ್ರ ಕಚೇರಿಯಲ್ಲಿ ಮುಂಗಡ ಟಿಕೆಟ್ಟಿನ ಮಾರಾಟವನ್ನು ನೋಡಿ ತೀರ್ಮಾನಿಸಲಾಗುತ್ತದೆ. ಮೂರು, ಆದಾಯ ಟಿಕೆಟ್ಟು, ತಿಂಡಿ ತೀರ್ಥ, ಜಾಹೀರಾತು ಎಂಬ ಮೂರು ಕಾಲುಗಳ ಮೇಲೆ ನಿಂತಿದೆ. ತಿಂಡಿಯಲ್ಲಿ ಹಂಚಿಕೆದಾರನಿಗೆ ಪಾಲಿಲ್ಲದ ಕಾರಣ ಅದರ ಬೆಲೆ ಏರಿದೆ. ನಾಲ್ಕು, ನೂರಾರು ತೆರೆಗಳ ಬಲದಿಂದ ಅದು ಹಂಚಿಕೆದಾರರೊಡನೆ ಚೌಕಾಶಿ ಮಾಡಬಲ್ಲುದು. 2009ರಲ್ಲಿ ಹಿಂದಿ ಚಿತ್ರಗಳ ನಿರ್ಮಾಪಕರು ಸುಮಾರು ಎರಡು ತಿಂಗಳು ಚಿತ್ರ ಕೊಡದೆ ಹಟಹಿಡಿದ ಮೇಲೆ, ಹಂಚಿಕೆದಾರನ ಪಾಲು ಮೊದಲ ವಾರ ಶೇಕಡಾ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಆಮೇಲೆ 30 ಎಂದು ಒಪ್ಪಂದವಾಯಿತು. ಒಬ್ಬ ತಾಲ್ಲೂಕು ಪ್ರದರ್ಶಕನಿಗಾಗಿ ಯಾರೂ ಹೀಗೆ ಎರಡು ತಿಂಗಳು ಮಾತುಕತೆಗೆ ಕೂರುವುದಿಲ್ಲ.

7. ಪೆಟ್ಟಿಗೆ ಹೋಗಿ ಸಂಕೇತ ಬಂದುದು

ಎರಡನೆಯ ಬದಲಾವಣೆ ಯಂತ್ರದ್ದು. 2005ರ ಸುಮಾರಿನಿಂದ ಯು.ಎಫ್.ಓ., ಕ್ಯೂಬ್ ಮೊದಲಾದ ಸಂಸ್ಥೆಗಳು ಫಿಲ್ಮಿಗೆ ಬದಲಾಗಿ ಉಪಗ್ರಹದ ಮೂಲಕವೋ ಹಾರ್ಡ್ ಡಿಸ್ಕಿನ ಮೂಲಕವೋ ಚಿತ್ರವನ್ನು ಮಂದಿರಕ್ಕೆ ಮುಟ್ಟಿಸತೊಡಗಿದುವು. ಚಿತ್ರ ಗೂಢಸಂಕೇತದಲ್ಲಿರುತ್ತದೆ, ಗೊತ್ತಾದ ಅವಧಿಗೆ ಮಾತ್ರ ಬೀಗ ತೆರೆಯುತ್ತದೆ. ಯಂತ್ರ ಹಲವು ಕಡೆ ಈ ಸಂಸ್ಥೆಗಳದೇ. ಅದಕ್ಕಾಗಿ ಅವು ಪ್ರದರ್ಶಕನಿಂದ ಬಾಡಿಗೆಯನ್ನೂ, ಹಂಚಿಕೆದಾರನಿಂದ ಪ್ರತಿಯ ಖರ್ಚಿಗೆ ಬದಲಾಗಿ ಶುಲ್ಕವನ್ನೂ, ಜಾಹೀರಾತಿನಲ್ಲಿ ಪಾಲನ್ನೂ ಪಡೆಯುತ್ತವೆ.

ಇದರಿಂದ ತಾಲ್ಲೂಕು ಪೇಟೆಗೆ ಬಂದ ಲಾಭ ಸ್ಪಷ್ಟ. ಗೀರುಬಿದ್ದ ಹಳೆಯ ಪ್ರತಿ ಹೋಯಿತು. ಬೆಂಗಳೂರಿನಲ್ಲಿ ತೆರೆಕಂಡ ದಿನವೇ ತುರುವೇಕೆರೆಯವನೂ ಅದೇ ಚಿತ್ರವನ್ನು ನೋಡಬಲ್ಲವನಾದನು. ಆದರೆ ಮೇಲೆ ವಿವರಿಸಿದ ಇಳಿಜಾರಿನ ಕ್ರಮ ಇದರಿಂದ ಮುರಿದುಬಿದ್ದಿತು. ನೂರಾರು ತೆರೆಗಳಲ್ಲಿ ಒಂದೇ ದಿನ ಬಿಡುಗಡೆಯಾದ ಚಿತ್ರ ತನ್ನ ವಸೂಲಿಯ ದೊಡ್ಡ ಪಾಲನ್ನು ಮೊದಲ ಕೆಲವು ದಿನಗಳಲ್ಲೇ ತಂದುಬಿಡುತ್ತದೆ. ಗೆಲುವು ಸೋಲು ತಿಳಿಯುವ ಮುನ್ನವೇ ಸಣ್ಣ ಪ್ರದರ್ಶಕ ಹಣ ಕಟ್ಟಬೇಕು. ‘ಕೆ.ಜಿ.ಎಫ್.’ ಎರಡನೆಯ ಭಾಗ, ‘ಕಾಂತಾರ’ (ಎರಡೂ 2022) ಇಂಥ ಚಿತ್ರಗಳು ಬಂದಾಗ ಮಂದಿರಗಳು ತುಂಬುತ್ತವೆ. ಅವುಗಳ ನಡುವಣ ವಾರಗಳಲ್ಲಿ ಬಾಗಿಲು ತೆರೆಯುವುದೇ ಪ್ರಶ್ನೆಯಾಗುತ್ತದೆ. ಮದನ್ ಸಂಸ್ಥೆಯನ್ನು ಧ್ವನಿಯಂತ್ರ ಕೆಡವಿದಂತೆ, ಇಲ್ಲಿ ಹೊಸ ಯಂತ್ರ ಸಣ್ಣ ಒಡೆಯನ ಹಳೆಯ ಆಸರೆಯನ್ನು ಕಿತ್ತುಕೊಂಡಿತು.

8. ಒಂದು ಲೆಕ್ಕ

ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ತಾಲ್ಲೂಕು ಪೇಟೆಯ ಮಂದಿರವೊಂದರಲ್ಲಿ 400 ಆಸನಗಳಿದ್ದು ದಿನಕ್ಕೆ 4 ಆಟಗಳಿವೆಯೆಂದಿಟ್ಟುಕೊಂಡರೆ ವಾರಕ್ಕೆ 11,200 ಆಸನಗಳಾಗುತ್ತವೆ. ಅವುಗಳಲ್ಲಿ ಶೇಕಡಾ 20 ತುಂಬಿ, ತೆರಿಗೆಯೂ ಸೇರಿ ಟಿಕೆಟ್ಟಿಗೆ 100 ರೂಪಾಯಿ ಇದ್ದರೆ, 2,240 ಟಿಕೆಟ್ಟುಗಳಿಂದ ವಸೂಲಿ 2,24,000 ರೂಪಾಯಿ. ನೂರು ರೂಪಾಯಿಯೊಳಗಿನ ಟಿಕೆಟ್ಟಿನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದ ಸರಕು ಮತ್ತು ಸೇವಾ ತೆರಿಗೆಯನ್ನು ಕಳೆದರೆ ಉಳಿಯುವುದು ಸುಮಾರು 2,13,333. ಅರ್ಧ ಹಂಚಿಕೆದಾರನಿಗೆ, ಪ್ರದರ್ಶಕನಿಗೆ 1,06,667, ಅಂದರೆ ದಿನಕ್ಕೆ ಸುಮಾರು 15,240 ರೂಪಾಯಿ. ವಿದ್ಯುಚ್ಛಕ್ತಿ, ಸಂಬಳ, ಯಂತ್ರದ ಬಾಡಿಗೆ, ಕಟ್ಟಡದ ತೆರಿಗೆ, ದುರಸ್ತಿ ಎಲ್ಲವೂ ಇದರಲ್ಲಿಯೇ ನಡೆಯಬೇಕು. ಶೇಕಡಾ 10 ಮಾತ್ರ ತುಂಬಿದರೆ ದಿನದ ಪಾಲು 7,620 ರೂಪಾಯಿಗೆ ಇಳಿಯುತ್ತದೆ. ಖರ್ಚು ಮಾತ್ರ ಅರ್ಧಕ್ಕೆ ಇಳಿಯುವುದಿಲ್ಲ. ಸ್ಥಿರ ವೆಚ್ಚದ ಭಾರವೆಂದರೆ ಇದೇ.

ಈಗ ಅದೇ ಕಟ್ಟಡದಲ್ಲಿ ತಲಾ 100 ಆಸನಗಳ ಮೂರು ತೆರೆಗಳಿವೆಯೆಂದು ಭಾವಿಸೋಣ. ಒಂದು ಆಟಕ್ಕೆ 80 ಜನ ಬರುವ ಚಿತ್ರ 400 ಆಸನಗಳ ಮಂದಿರದಲ್ಲಿ ಐದರಲ್ಲಿ ಒಂದು ಪಾಲನ್ನು ಮಾತ್ರ ತುಂಬುತ್ತದೆ. 100 ಆಸನಗಳ ತೆರೆಯಲ್ಲಿ ಐದರಲ್ಲಿ ನಾಲ್ಕು ಪಾಲನ್ನು ತುಂಬುತ್ತದೆ. ಉಳಿದ ಎರಡು ತೆರೆಗಳಲ್ಲಿ ಬೇರೆ ಎರಡು ಚಿತ್ರಗಳು ಬೇರೆ ಪ್ರೇಕ್ಷಕರನ್ನು ಕರೆಯುತ್ತವೆ. ಟಿಕೆಟ್ಟು ಕೊಡುವವನು, ಕಾವಲುಗಾರ, ವ್ಯವಸ್ಥಾಪಕ ಇವರ ಸಂಖ್ಯೆ ಮೂರು ಪಟ್ಟಾಗುವುದಿಲ್ಲ. ಒಂದು ಚಿತ್ರ ಬಿದ್ದರೆ ಇನ್ನೊಂದು ಎತ್ತುತ್ತದೆ. ಬಹುತೆರೆಯ ಗುಟ್ಟು ಆಸನದ ಮೆತ್ತೆಗಿಂತಲೂ ಈ ಹೊಂದಾಣಿಕೆಯಲ್ಲಿದೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಹೊರಪಡುತ್ತವೆ. ಮೊದಲನೆಯದಾಗಿ, ತೆಂಗಿನ ಸೀಮೆಯ ಮಂದಿರಗಳು ಬಡವಾದುದಕ್ಕೆ ಜನರ ಅಭಿರುಚಿ ಕೆಟ್ಟಿತೆಂಬುದು ಕಾರಣವಲ್ಲ. ಹಂಚಿಕೆಯ ಕ್ರಮ ಬದಲಾದುದೂ ದೊಡ್ಡ ಮಂದಿರದ ಸ್ಥಿರ ವೆಚ್ಚವೂ ಮುಖ್ಯ ಕಾರಣಗಳು. ಎರಡನೆಯದಾಗಿ, ಸರಪಳಿ ಸಂಸ್ಥೆ ಮಾಲು ಇರುವಲ್ಲಿಗೆ ಹೋಗುತ್ತದೆ. ಮಾಲು ಕೊಳ್ಳುವ ಶಕ್ತಿಯಿರುವ ದೊಡ್ಡ ಊರಿಗೆ ಹೋಗುತ್ತದೆ. ಚಿಕ್ಕನಾಯಕನಹಳ್ಳಿಯಂಥ ಪೇಟೆ ಅದರ ಲೆಕ್ಕದಲ್ಲಿ ಬರುವುದು ಕಷ್ಟ. ಮೂರನೆಯದಾಗಿ, ಬೆಲೆಯ ಮೇಲಿನ ನಿಯಂತ್ರಣ ಒಂದರಿಂದಲೇ ಈ ಕೊರತೆ ನೀಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ ತೆರಿಗೆಯ ಹೊರತು 200 ರೂಪಾಯಿಗಳ ಮಿತಿಯನ್ನು ಗೊತ್ತುಮಾಡಿತು. ಅದೇ ತಿಂಗಳ 23ರಂದು ಉಚ್ಚ ನ್ಯಾಯಾಲಯ ಅದಕ್ಕೆ ಮಧ್ಯಂತರ ತಡೆ ನೀಡಿತು. ಆ ವಿವಾದ ನಗರದ ಪ್ರೇಕ್ಷಕನಿಗೆ ಮುಖ್ಯವಾದುದು. ಟಿಕೆಟ್ಟು ನೂರು ರೂಪಾಯಿಯ ಆಸುಪಾಸಿನಲ್ಲಿರುವ ಪೇಟೆಯ ಸಮಸ್ಯೆ ಬೆಲೆಯದಲ್ಲ, ಮಂದಿರವೇ ಉಳಿಯುವುದರದು.

ಇದರಿಂದ ಕನ್ನಡ ಚಿತ್ರಕ್ಕೂ ನಷ್ಟವುಂಟು. ನಗರದ ಬಹುತೆರೆಯಲ್ಲಿ ಕನ್ನಡ ಚಿತ್ರ ಐದಾರು ಭಾಷೆಗಳ ನಡುವೆ ಆಟಕ್ಕಾಗಿ ಸ್ಪರ್ಧಿಸಬೇಕು; ತಾಲ್ಲೂಕು ಪೇಟೆಯಲ್ಲಿ ಅದು ಮನೆಯ ಮಗು. ಆ ಮನೆಯ ಬಾಗಿಲು ಮುಚ್ಚಿದರೆ, ಮಧ್ಯಮ ಗಾತ್ರದ ಕನ್ನಡ ಚಿತ್ರಕ್ಕೆ ತನ್ನವರೆಂದು ಹೇಳಿಕೊಳ್ಳುವ ಪ್ರೇಕ್ಷಕರನ್ನು ಮುಟ್ಟುವ ದಾರಿ ಇಕ್ಕಟ್ಟಾಗುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಹೊಲಗೆಲಸದ ಹೆಂಗಸರು ಗಂಡಸರ ಅಪ್ಪಣೆಗೆ ಕಾಯದೆ ನಾಲ್ಕು ಜನ ಗೆಳತಿಯರೊಡನೆ ಕೂಡಿ ಹೋಗಬಹುದಾಗಿದ್ದ ಕೆಲವೇ ಸ್ಥಳಗಳಲ್ಲಿ ಡೇರೆ ಒಂದಾಗಿದ್ದಿತು. ಮೊಬೈಲಿನ ಪರದೆ ಚಿತ್ರವನ್ನು ಕೊಡುತ್ತದೆ. ಆ ಜೊತೆಯನ್ನು ಕೊಡುವುದಿಲ್ಲ.

ಪರಿಹಾರದ ದಾರಿ ನಮಗೆ ಕಾಣುವುದು ಹಳೆಯ ಕಟ್ಟಡವನ್ನು ಎರಡು ಮೂರು ಸಣ್ಣ ತೆರೆಗಳಾಗಿ ವಿಂಗಡಿಸುವುದರಲ್ಲಿ. ಅದಕ್ಕೆ ಬೇಕಾದ ಸಾಲವನ್ನೂ ಪರವಾನಗಿಯನ್ನೂ ಸುಲಭಗೊಳಿಸುವುದರಲ್ಲಿ. ಹಾಗೂ ಹತ್ತಿರದ ಪೇಟೆಗಳ ಪ್ರದರ್ಶಕರು ಕೂಡಿ ಚಿತ್ರಗಳಿಗಾಗಿ ಒಟ್ಟಾಗಿ ಕರಾರು ಮಾಡಿಕೊಳ್ಳುವುದರಲ್ಲಿ. ಈ ಕೊನೆಯದನ್ನು ಸಣ್ಣವರೇ ಕಟ್ಟಿಕೊಂಡ ಸರಪಳಿಯೆಂದು ಕರೆಯಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಗುಬ್ಬಿ, ಅರಸೀಕೆರೆ ಒಂದಕ್ಕೊಂದು ದೂರದ ಊರುಗಳಲ್ಲ. ಸಹಕಾರ ಸಂಘಗಳ ಮೂಲಕ ಹಾಲನ್ನೂ ಕೊಬ್ಬರಿಯನ್ನೂ ಕೂಡಿ ಮಾರುವುದನ್ನು ಕಲಿತ ಸೀಮೆಗೆ ಇದು ಅಪರಿಚಿತವಾದ ಉಪಾಯವಲ್ಲ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಮಂದಿರದ ಹಳೆಯ ಲೆಕ್ಕದ ಪುಸ್ತಕಗಳನ್ನೂ, ಯಂತ್ರ ನಡೆಸಿದವರ, ಗೇಟು ಕಾದವರ, ಗಾಡಿಯಲ್ಲಿ ಭಿತ್ತಿಚಿತ್ರ ಹೊತ್ತು ಸುತ್ತಿದವರ ನೆನಪುಗಳನ್ನೂ ಅವರು ಇರುವಾಗಲೇ ಸಂಗ್ರಹಿಸಿದರೆ, ಈ ವಿಷಯದ ಮುಂದಿನ ಅಧ್ಯಯನಕ್ಕೆ ಗಟ್ಟಿಯಾದ ತಳಹದಿ ದೊರೆಯುತ್ತದೆ.